ಯಾರ ನಾಯಿ? ಸುಲ್ತಾನ್ ಬಜಾರಿನ ಬೀದಿ, ನಾಯಿ ಮತ್ತು ಕಾನೂನು

ಹೈದರಾಬಾದಿನಲ್ಲಿ ಮೂಸಿ ನದಿಯ ಉತ್ತರಕ್ಕೆ, ಕೋಠಿಯ ಮಗ್ಗುಲಲ್ಲಿರುವ ಸುಲ್ತಾನ್ ಬಜಾರ್ 1933ರವರೆಗೆ ರೆಸಿಡೆನ್ಸಿ ಬಜಾರ್ ಎನಿಸಿಕೊಂಡಿತ್ತು. ನಿಜಾಮರ ದರ್ಬಾರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿಸಿದ ರೆಸಿಡೆನ್ಸಿ ಮಹಲಿನ ಆಸರೆಯಲ್ಲಿ ಈ ಪೇಟೆ ಬೆಳೆಯಿತು. ಬಟ್ಟೆಯ ವ್ಯಾಪಾರಿಗಳು, ಹುಂಡಿ ವ್ಯವಹಾರದ ಸಾಹುಕಾರರು, ಗುಜರಾತಿ ಮತ್ತು ಮಾರ್ವಾಡಿ ಮನೆತನಗಳು ಇಲ್ಲಿ ನೆಲೆಸಿದವು. ಸುತ್ತ ನಿಜಾಮರ ನೆಲವಿದ್ದರೂ ಪೇಟೆಯ ಆಡಳಿತ ಮಾತ್ರ ರೆಸಿಡೆಂಟನ ಕೈಯಲ್ಲಿತ್ತು. ಅದಕ್ಕೆ ಪ್ರತ್ಯೇಕ ಸೂಪರಿಂಟೆಂಡೆಂಟ್, ಪ್ರತ್ಯೇಕ ಪೊಲೀಸು, ಬ್ರಿಟಿಷ್ ಕಾನೂನು. ಒಂದು ಓಣಿ ದಾಟಿದರೆ ರಾಜ್ಯವೇ ಬದಲಾಗುತ್ತಿತ್ತು.

ಸಾರ್ವಜನಿಕ ಜಾಗದಲ್ಲಿ ನಾಯಿ ಹೇಗಿರಬೇಕು, ಅದರ ಹೊಣೆ ಯಾರದು ಎಂಬ ಪ್ರಶ್ನೆಯ ಚರಿತ್ರೆಯನ್ನು ಈ ಪೇಟೆಯಿಂದ ನೋಡುವುದಕ್ಕೆ ಕಾರಣವಿದೆ. ಸಾಹೇಬರ ನಾಯಿ ಮತ್ತು ಬಜಾರಿನ ನಾಯಿ, ಎರಡೂ ಇಲ್ಲಿ ಒಂದೇ ಬೀದಿಯಲ್ಲಿ ಓಡಾಡಿದವು. ಮೊದಲನೆಯದಕ್ಕೆ ಯಜಮಾನನಿದ್ದ, ಎರಡನೆಯದಕ್ಕೆ ಇಡೀ ಬೀದಿಯೇ ಯಜಮಾನ. ಕಾನೂನು ಬಹುಕಾಲ ಮೊದಲನೆಯದರ ಒಡೆಯನೊಡನೆ ಮಾತ್ರ ಮಾತಾಡಿತು. ಎರಡನೆಯದಕ್ಕೆ ಅದರ ಬಳಿ ಇದ್ದದ್ದು ದೊಣ್ಣೆ ಮತ್ತು ವಿಷ.

ಒಡೆಯನ ಹೊಣೆಯ ವಿಚಾರ ಬ್ರಿಟಿಷರೊಂದಿಗೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 1956ರವರೆಗೆ ಅದು ಹೈದರಾಬಾದ್ ರಾಜ್ಯದ ಊರು. ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕೋರೆಹಲ್ಲಿನ ಮತ್ತು ಕೊಂಬಿನ ಪ್ರಾಣಿಗಳ ಒಡೆಯರ ಬಗ್ಗೆ ಒಂದು ನಿಯಮವಿದೆ. ತನ್ನ ಪ್ರಾಣಿ ಯಾರ ಮೇಲಾದರೂ ಎರಗಿದಾಗ ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಒಡೆಯನಿಗೆ ಕೆಳದರ್ಜೆಯ ಸಾಹಸದಂಡ. ಸಿಕ್ಕಿಬಿದ್ದವನು ಕೂಗಿಕೊಂಡ ಮೇಲೂ ಸುಮ್ಮನಿದ್ದರೆ ಅದರ ಎರಡರಷ್ಟು. ಅದೇ ಸ್ಮೃತಿಯ ಲೆಕ್ಕದಲ್ಲಿ ಕೆಳದರ್ಜೆಯ ದಂಡವೆಂದರೆ 270 ಪಣ. ಇಲ್ಲಿ ಗಮನಿಸಬೇಕಾದದ್ದು ದಂಡದ ಮೊತ್ತವನ್ನಲ್ಲ, ತಪ್ಪು ಎಲ್ಲಿದೆ ಎಂದು ಸ್ಮೃತಿಕಾರ ಗುರುತಿಸಿದ ಜಾಗವನ್ನು. ಪ್ರಾಣಿ ಕಚ್ಚಿತು ಎಂಬುದಕ್ಕಿಂತ ಒಡೆಯ ನೋಡುತ್ತ ನಿಂತ ಎಂಬುದು ಅವನಿಗೆ ದೊಡ್ಡ ಅಪರಾಧ. ಇಂದಿಗೂ ಬೀದಿಯಲ್ಲಿ ಸಾಕುನಾಯಿಯೊಂದು ಮಗುವಿನ ಮೇಲೆ ಹಾರಿದಾಗ ಜನ ರೇಗುವುದು ನಾಯಿಯ ಮೇಲಲ್ಲ. ‘ಏನೂ ಮಾಡಲ್ಲ, ಹೆದರಬೇಡಿ’ ಎಂದು ನಗುತ್ತ ನಿಂತ ಅದರ ಯಜಮಾನನ ಮೇಲೆ.

ಕನ್ನಡ ನೆಲದಲ್ಲಿ ನಾಯಿಗೆ ಮರ್ಯಾದೆಯೂ ಕಡಿಮೆಯಿರಲಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ 949ರ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ. ಗಂಗರ ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೆಂದು ಕೇಳಿದಾಗ ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಟೆಯೊಂದರಲ್ಲಿ ಕಾಳಿ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲಿನ ಮೇಲುಭಾಗದಲ್ಲಿ ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದುವ ಚಿತ್ರವಿದೆ. ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಶಾಸನ ಕಟ್ಟುಮಾಡುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ದೇವರ ಕಡೆಯಿಂದಲೂ ನಾಯಿಗೆ ಜಾಗ ಸಿಕ್ಕಿತ್ತು. ಭೈರವನ ವಾಹನ ನಾಯಿ. ಗಾಣಗಾಪುರದ ದತ್ತಾತ್ರೇಯನ ಪಟದಲ್ಲಿ ಕಾಲಬುಡದಲ್ಲಿ ನಾಲ್ಕು ನಾಯಿಗಳಿರುತ್ತವೆ. ಮೈಲಾರನ ಪರಂಪರೆಯಲ್ಲಿ ವಗ್ಗಯ್ಯಗಳೆಂಬ ಭಕ್ತರು ನಾಯಿಯಂತೆ ಬೊಗಳುತ್ತ, ನೆಲದ ಮೇಲಿಟ್ಟ ಪಾತ್ರೆಗೆ ಬಾಯಿಹಾಕಿ ಉಣ್ಣುವ ಸೇವೆ ಸಲ್ಲಿಸುತ್ತಾರೆ. ತೆಲಂಗಾಣದ ಕೊಮುರವೆಲ್ಲಿಯ ಮಲ್ಲಣ್ಣನೂ ಇದೇ ಬಳಗದ ದೇವರು. ಇಷ್ಟಾದರೂ ಊರನಾಯಿಗೆ ಒಡೆಯನೆಂಬವನಿರಲಿಲ್ಲ. ನಾಲ್ಕು ಮನೆಯ ಮುಸುರೆ ತಿಂದು ನಾಲ್ಕೂ ಮನೆಯ ಬಾಗಿಲು ಕಾಯುವುದು ಅದರ ಬದುಕು. ಕಟ್ಟಿ ಸಾಕುತ್ತಿದ್ದದ್ದು ಬೇಟೆಯವರು, ಕುರುಬರು ಮತ್ತು ಅರಸುಮನೆಗಳವರು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿ ಇದಕ್ಕೆ ಹೆಸರಾಂತ ಉದಾಹರಣೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು.

ಕಂಪನಿ ಸರ್ಕಾರದ ಅಧಿಕಾರಿಗಳ ಜೊತೆ ಬಂದ ನಾಯಿಯ ರೀತಿಯೇ ಬೇರೆ. ಅದು ಬಂಗಲೆಯೊಳಗೆ ಮಲಗುತ್ತಿತ್ತು. ಸಂಜೆ ಗಾಳಿಸೇವನೆಗೆ ಹೊರಡುತ್ತಿತ್ತು. ಅದಕ್ಕೆಂದೇ ಒಬ್ಬ ಆಳು ಇರುತ್ತಿದ್ದ. ನಾಯಿಯ ಹಗ್ಗ ಹಿಡಿಯುವ ಈ ಆಳಿಗೆ ಉತ್ತರದ ಸಾಹೇಬರ ಮನೆಗಳಲ್ಲಿ ಡೋರಿಯಾ ಎಂದು ಹೆಸರು. ದಂಡಿನ ಪ್ರದೇಶಗಳಲ್ಲಿ ಸಿಪಾಯಿ ಅಧಿಕಾರಿಗಳು ಸಿಕ್ಕಸಿಕ್ಕ ತಳಿಗಳನ್ನು ಗುಂಪುಹಾಕಿ ನರಿಬೇಟೆಗೆ ಒಯ್ಯುವುದು ಸಾಮಾನ್ಯವಾಗಿತ್ತು. ಹೈದರಾಬಾದಿಗೆ ಅಂಟಿಕೊಂಡು 1806ರಲ್ಲಿ ಹುಟ್ಟಿದ ಸಿಕಂದರಾಬಾದ್ ದಂಡು ದೇಶದ ದೊಡ್ಡ ದಂಡುಗಳಲ್ಲೊಂದು. ಹೀಗೆ ಸರಪಳಿ ಕಟ್ಟಿಸಿಕೊಂಡು ಬೀದಿಯಲ್ಲಿ ನಡೆಯುವ ನಾಯಿಯ ನೋಟ ಈ ಭಾಗದ ಜನಕ್ಕೆ ಪರಿಚಯವಾದದ್ದು ದಂಡಿನಿಂದ ಮತ್ತು ರೆಸಿಡೆನ್ಸಿಯಂಥ ಬಿಡಾರಗಳಿಂದ. ಅಂದಿನ ಮಟ್ಟಿಗೆ ಅದು ನಾಗರಿಕ ನಡತೆಯ ಗುರುತಲ್ಲ, ಅಧಿಕಾರದ ಗುರುತು. ಹಗ್ಗ ಹಿಡಿದವನು ಆಳು. ನಾಯಿ ಗುರ್ ಎಂದರೆ ದಾರಿ ಬಿಡಬೇಕಾದವರು ಪೇಟೆಯ ಜನ.

ಬಜಾರಿನ ನಾಯಿಯನ್ನು ಬ್ರಿಟಿಷರು ಹೇಗೆ ಕಂಡರು ಎಂಬುದಕ್ಕೆ ಮುಂಬಯಿಯ ಕಥೆ ಸಾಕ್ಷಿ. ಬೇಸಿಗೆಯ ತಿಂಗಳುಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಅಲ್ಲಿ 1813ರಿಂದಲೇ ಅಪ್ಪಣೆಯಿತ್ತು. 1832ರಲ್ಲಿ ಅವಧಿಯನ್ನು ಜೂನ್ ನಡುವಿನವರೆಗೆ ವಿಸ್ತರಿಸಿ, ಸತ್ತ ನಾಯಿಯೊಂದಕ್ಕೆ ಎಂಟಾಣೆ ಇನಾಮು ಗೊತ್ತುಮಾಡಿದರು. ಇನಾಮಿನ ಆಸೆಗೆ ಮನೆಯಂಗಳದ ನಾಯಿಗಳನ್ನೂ ಎಳೆದೊಯ್ಯತೊಡಗಿದಾಗ ಜೂನ್ 6ರಂದು ಪಾರ್ಸಿಗಳು ತಿರುಗಿಬಿದ್ದರು. ನಾಯಿ ಅವರ ಧರ್ಮದಲ್ಲಿ ಪವಿತ್ರ ಪ್ರಾಣಿ. ಹಿಂದೂ, ಜೈನ ವ್ಯಾಪಾರಿಗಳೂ ಜೊತೆಗೂಡಿ ಅಂಗಡಿ ಮುಚ್ಚಿದರು. ಕೋಟೆಯೊಳಗಿನ ಬಿಳಿಯರಿಗೆ ದಿನಸಿ ಹೋಗದಂತೆ ತಡೆದರು. ಕೊನೆಗೆ ದಂಡು ಬರಬೇಕಾಯಿತು. ರೆಸಿಡೆನ್ಸಿ ಬಜಾರಿನಲ್ಲಿ ಹಣ, ಬಟ್ಟೆ ಎರಡೂ ಇದ್ದದ್ದು ಇದೇ ಬಗೆಯ ಮನೆತನಗಳ ಕೈಯಲ್ಲಿ. ಮೊದಲ ರೊಟ್ಟಿ ಹಸುವಿಗೆ, ಕಡೆಯ ರೊಟ್ಟಿ ನಾಯಿಗೆ ಎಂಬುದು ಗುಜರಾತಿ, ಮಾರ್ವಾಡಿ ಅಡುಗೆಮನೆಯ ಕಟ್ಟಳೆ. ಮುಸ್ಲಿಂ ಮೊಹಲ್ಲಾಗಳಲ್ಲಿ ನಾಯಿ ಮನೆಯೊಳಗೆ ಬರುವಂತಿಲ್ಲ, ಅದರ ಜೊಲ್ಲು ಸೋಕಿದರೆ ಪಾತ್ರೆ ಬಟ್ಟೆ ತೊಳೆಯಬೇಕು. ಆದರೂ ಬಾಯಾರಿದ ನಾಯಿಗೆ ನೀರು ಕೊಡುವುದು ಪುಣ್ಯವೆಂಬ ನಂಬಿಕೆ ಅಲ್ಲೂ ಗಟ್ಟಿ. ಅಂತೂ ಬೀದಿನಾಯಿ ಬೀದಿಯಲ್ಲೇ ಇರಬೇಕು, ಉಪವಾಸ ಇರಬಾರದು ಎಂಬಲ್ಲಿ ಎರಡೂ ಕಡೆಯವರ ಅಭಿಪ್ರಾಯ ಸೇರುತ್ತಿತ್ತು. ಕಚ್ಚಿದರೆ ಕೇಳುವವರಾರು ಎಂಬ ಪ್ರಶ್ನೆಗೆ ಮಾತ್ರ ಈ ಒಪ್ಪಂದದಲ್ಲಿ ಉತ್ತರವಿರಲಿಲ್ಲ.

ಒಡೆಯನ ಹೊಣೆಗೆ ಬ್ರಿಟಿಷರ ಬರಹದ ಕಾನೂನು 1860ರ ಭಾರತ ದಂಡಸಂಹಿತೆಯೊಂದಿಗೆ ಬಂತು. ಅದರ 289ನೇ ಕಲಮಿನ ಪ್ರಕಾರ, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದೆಂದು ಗೊತ್ತಿದ್ದೂ ಅಥವಾ ಅಜಾಗ್ರತೆಯಿಂದ ತಕ್ಕ ಎಚ್ಚರಿಕೆ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ನಾಯಿಯ ಹೆಸರು ಕಲಮಿನಲ್ಲಿಲ್ಲ. ಆನೆಗೂ ಅದೇ, ಗೂಳಿಗೂ ಅದೇ. ಕಚ್ಚುವವರೆಗೆ ಕಾಯಬೇಕಿಲ್ಲ, ಎಚ್ಚರಿಕೆ ತಪ್ಪಿದರೆ ಸಾಕು ಎಂಬುದು ಅದರ ಬಿಗಿ. ಈ ದಂಡಸಂಹಿತೆ ರೆಸಿಡೆನ್ಸಿ ಬಜಾರಿಗೂ ಅನ್ವಯವಾಗುತ್ತಿತ್ತು. ಓಣಿಯಾಚೆ ನಿಜಾಮರ ಸ್ವಂತ ದಂಡಸಂಹಿತೆ, ಸ್ವಂತ ನ್ಯಾಯಾಲಯ. ಒಂದೇ ನಾಯಿ ಒಂದೇ ಸಂಜೆ ಪೇಟೆಯ ಈ ತುದಿಯಲ್ಲೊಬ್ಬನನ್ನು, ಆ ತುದಿಯಲ್ಲೊಬ್ಬನನ್ನು ಕಚ್ಚಿದರೆ ಎರಡು ಸರ್ಕಾರಗಳ ಎರಡು ಕಚೇರಿಗಳಿಗೆ ಅಲೆಯಬೇಕಾದ ಪರಿಸ್ಥಿತಿ. ಹೈದರಾಬಾದ್ ರಾಜ್ಯಕ್ಕೆಲ್ಲ ಭಾರತ ದಂಡಸಂಹಿತೆಯೇ ಅನ್ವಯವಾದದ್ದು 1951ರಲ್ಲಿ.

ನಾಯಿಯ ಬೀದಿ ನಡತೆಯನ್ನು ಇನ್ನೂ ವಿವರವಾಗಿ ಬರೆದಿಟ್ಟದ್ದು 1924ರ ಕಂಟೋನ್ಮೆಂಟ್ ಕಾಯ್ದೆ. ಅದರ 119ನೇ ಕಲಮು ಪೂರ್ತಿ ನಾಯಿಗಳ ಹತೋಟಿಗೇ ಮೀಸಲು. ದಂಡಿನ ಮಂಡಳಿ ನಾಯಿಗಳ ನೋಂದಣಿ ಕಡ್ಡಾಯಮಾಡಬಹುದು. ನೋಂದಣಿಯಾದ ನಾಯಿಯ ಕೊರಳಪಟ್ಟಿಗೆ ಮಂಡಳಿ ಕೊಟ್ಟ ಲೋಹದ ಬಿಲ್ಲೆ ಇರಬೇಕು. ಬಿಲ್ಲೆಯಿಲ್ಲದ್ದು ಸಾರ್ವಜನಿಕ ಜಾಗದಲ್ಲಿ ಸಿಕ್ಕರೆ ಹಿಡಿದಿಡಬಹುದು. ಗಡುವಿನೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ಕೊಲ್ಲಬಹುದು. ಹುಚ್ಚುನಾಯಿಯ ಭೀತಿ ಹಬ್ಬಿದಾಗ ಎಲ್ಲ ನಾಯಿಗಳಿಗೂ ಬಾಯಿಕುಕ್ಕೆ ಹಾಕಬೇಕೆಂದು ಡಂಗುರ ಹೊಡೆಸಬಹುದು. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಒಡೆಯನ ಬಗೆಗಿನ ಮಾತು: ತನ್ನ ನಾಯಿ ಜನರನ್ನು ಕಾಡುತ್ತದೆ ಅಥವಾ ಹೆದರಿಸುತ್ತದೆ ಎಂದು ತಿಳಿದೂ ಅದನ್ನು ಬಾಯಿಕುಕ್ಕೆ, ಸರಪಳಿ ಇಲ್ಲದೆ ಬೀದಿಗೆ ಬಿಟ್ಟವನು ತಪ್ಪಿತಸ್ಥ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಕಾನೂನು ನಂಬಲಿಲ್ಲ. ಬೊಗಳಿ ಹೆದರಿಸಿದ್ದೇ ಸಾಕು ಎಂದಿತು. ಈ ಕಾನೂನಿನ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬಾಯಿಕುಕ್ಕೆಯ ಆಜ್ಞೆಗಳನ್ನು ಹಟಹಿಡಿದು ಜಾರಿಗೊಳಿಸಿ, ಹೊರಗಿನಿಂದ ಬರುವ ನಾಯಿಗಳನ್ನು ಪ್ರತ್ಯೇಕವಾಗಿಟ್ಟು, 1902ರ ಹೊತ್ತಿಗೆ ಹುಚ್ಚುನಾಯಿ ರೋಗವನ್ನೇ ಅಳಿಸಿದ್ದರು. ಆದರೆ ಅಲ್ಲಿ ಹೆಚ್ಚುಕಡಿಮೆ ಪ್ರತಿ ನಾಯಿಗೂ ಒಡೆಯನಿದ್ದ. ಒಡೆಯನಿಲ್ಲದ ನಾಯಿಗಳೇ ಹೆಚ್ಚಿರುವ ಊರಿಗೆ ಅದೇ ಕಾನೂನು ತಂದಾಗ ಅದರ ಅರ್ಧ ಮಾತ್ರ ಕೆಲಸ ಮಾಡಿತು. ಬಿಲ್ಲೆಯ ನಾಯಿ ಉಳಿಯಿತು, ಬಿಲ್ಲೆಯಿಲ್ಲದ್ದು ಸತ್ತಿತು, ರೋಗ ಹೋಗಲಿಲ್ಲ.

ಜನರ ಭಯದ ಬೇರು ಇದ್ದದ್ದು ಈ ರೋಗದಲ್ಲೇ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಮೊದಲ ಬಾರಿಗೆ ಮನುಷ್ಯನಿಗೆ ಹುಚ್ಚುನಾಯಿ ಲಸಿಕೆ ಕೊಡಿಸಿದ. ಮೊದಮೊದಲು ಭಾರತದಲ್ಲಿ ಕಚ್ಚಿಸಿಕೊಂಡ ಬಿಳಿಯರು ಹಡಗು ಹತ್ತಿ ಪ್ಯಾರಿಸಿಗೇ ಹೋಗಬೇಕಿತ್ತು. 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ದಕ್ಷಿಣಕ್ಕೆ ಅದೂ ದೂರವೇ. 1902ರಲ್ಲಿ ದಕ್ಷಿಣದಲ್ಲಿ ಇಂಗ್ಲಿಷ್ ಮಹಿಳೆಯೊಬ್ಬಳು ಹುಚ್ಚುನಾಯಿ ಕಡಿತದಿಂದ ಸತ್ತ ಮೇಲೆ ಇಲ್ಲೂ ಒಂದು ಸಂಸ್ಥೆ ಬೇಕೆಂಬ ಕೂಗು ಎದ್ದು, ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣ ಸೇರಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಎರಡನೆಯ ಸಂಸ್ಥೆ ತೆರೆಯಿತು. ಹೈದರಾಬಾದಿನಿಂದ ರೈಲಿನಲ್ಲಿ ಅಲ್ಲಿಗೆ ಹೋಗುವವರು ವಾಡಿ, ರಾಯಚೂರು ದಾಟಿ, ಮದರಾಸು ಸೀಮೆಯ ಹಾದಿ ಹಿಡಿದು, ಮೆಟ್ಟುಪಾಳ್ಯದಲ್ಲಿ ಬೆಟ್ಟದ ರೈಲು ಹತ್ತಬೇಕಿತ್ತು. ಕಚ್ಚಿದ ನಾಯಿಗೆ ಹುಚ್ಚು ಹಿಡಿದಿತ್ತೇ ಎಂಬುದು ಅಷ್ಟರಲ್ಲಿ ತಿಳಿಯುತ್ತಿರಲಿಲ್ಲ. ದುಡ್ಡು, ಪುರಸೊತ್ತು ಇಲ್ಲದವರು ನಾಟಿ ಔಷಧಕ್ಕೋ ಮಂತ್ರಕ್ಕೋ ಮೊರೆಹೋಗುತ್ತಿದ್ದರು.

ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರ ಸುಮಾರಿಗೆ ಸಿದ್ಧಪಡಿಸಿದ ಲಸಿಕೆ ಈ ಅಲೆದಾಟ ತಪ್ಪಿಸಿತು. ರೋಗಾಣು ಹೊಗಿಸಿದ ಪ್ರಾಣಿಯ ಮಿದುಳನ್ನು ಅರೆದು ಕಾರ್ಬಾಲಿಕ್ ಆಮ್ಲದಿಂದ ರೋಗಾಣುವನ್ನು ನಿಷ್ಕ್ರಿಯಗೊಳಿಸಿದ ಈ ಔಷಧವನ್ನು ಊರೂರಿಗೆ ಕಳಿಸಬಹುದಿತ್ತು. ಹೈದರಾಬಾದಿನಲ್ಲಿ ಇದರ ಕೇಂದ್ರವಾದದ್ದು ನಾರಾಯಣಗುಡದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ. ಸುಲ್ತಾನ್ ಬಜಾರಿಗೆ ಅದು ಹತ್ತಿರ. ಕಚ್ಚಿಸಿಕೊಂಡವರು ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದು ಅಲ್ಲಿನ ನಿತ್ಯದ ನೋಟವಾಗಿತ್ತು. ಹೊಟ್ಟೆಯ ಚರ್ಮ ಎತ್ತಿಹಿಡಿದು, ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಹಿಂದಿನ ದಿನದ ಗಂಟು ಕರಗುವ ಮೊದಲೇ ಹೊಸದು ಏಳುತ್ತಿತ್ತು. ಕೆಲವರಿಗೆ ಲಸಿಕೆಯಿಂದಲೇ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಕನ್ನಡ, ತೆಲುಗು ಮನೆಗಳಲ್ಲಿ ನಾಯಿಯ ತಂಟೆಗೆ ಹೋಗುವ ಮಕ್ಕಳನ್ನು ಹೆದರಿಸಲು ಹದಿನಾಲ್ಕು ಇಂಜೆಕ್ಷನ್ ಎಂದರೆ ಸಾಕಾಗಿತ್ತು. ಬಹುಶಃ ಯಾವ ಕಾಯ್ದೆಗಿಂತಲೂ ಈ ಸೂಜಿಯೇ ನಾಯಿಗಳ ಜೊತೆ ಹೇಗಿರಬೇಕೆಂಬುದನ್ನು ಹೆಚ್ಚು ಜನಕ್ಕೆ ಕಲಿಸಿತು. ಭಾರತದಲ್ಲಿ ಈ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗಿನ ಲಸಿಕೆಯನ್ನು ತೋಳಿಗೆ ಕೆಲವೇ ಸಲ ಕೊಡುತ್ತಾರೆ. ಅದಕ್ಕೂ ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಇಂದಿಗೂ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಅಂಥವರು ಬಂದು ಸೇರುವುದು ನಲ್ಲಕುಂಟದ ಫೀವರ್ ಆಸ್ಪತ್ರೆಗೆ.

1933ರಲ್ಲಿ ರೆಸಿಡೆನ್ಸಿ ಬಜಾರ್ ನಿಜಾಮರಿಗೆ ಮರಳಿ, ಸುಲ್ತಾನ್ ಬಜಾರ್ ಎಂಬ ಹೆಸರು ಪಡೆಯಿತು. ರಾಜ್ಯದ ಸಂಗಡ ಊರೂ ಬದಲಾಯಿತು. ಬೀದರ್, ಕಲಬುರಗಿ, ರಾಯಚೂರುಗಳಿಂದ ಓದಿಗೆ, ನೌಕರಿಗೆ, ಮದುವೆ ಜವಳಿಗೆ ಬರುವ ಕನ್ನಡಿಗರಿಗೆ ಈ ಪೇಟೆ ರೂಢಿಯ ಹಾದಿಯಾಯಿತು. ಸನಿಹದ ಕಾಚಿಗುಡದಲ್ಲಿ ಅವರ ಕರ್ನಾಟಕ ಸಾಹಿತ್ಯ ಮಂದಿರವೂ ಎದ್ದಿತು. ರೆಸಿಡೆನ್ಸಿ ಮಹಲು 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು. ಸಾಹೇಬರು ಹೋದರು, ಅವರ ನಾಯಿಗಳೂ ಹೋದವು, ಬಜಾರಿನ ನಾಯಿ ಉಳಿಯಿತು. ಹೈದರಾಬಾದ್, ಸಿಕಂದರಾಬಾದ್ ನಗರಸಭೆಗಳು 1960ರಲ್ಲಿ ಒಂದಾದವು. ಬೀದಿನಾಯಿಗಳ ವಿಚಾರದಲ್ಲಿ ಮಾತ್ರ ದೇಶದ ಇತರ ನಗರಗಳಂತೆ ಇಲ್ಲೂ ಕೆಲಸ ಹಳೆಯ ಜಾಡಿನಲ್ಲೇ ಸಾಗಿತು: ದೂರು ಬಂದರೆ ಗಾಡಿ, ಹಿಡಿಯುವ ಕುಣಿಕೆ, ವಿಷ. ಈ ವಿಧಾನ ಕ್ರೂರವೆಂಬ ಮಾತು ಒಂದು ಕಡೆಗಿರಲಿ, ನಿಷ್ಫಲ ಎಂಬುದೂ ನಿಜ. ಪೇಟೆಯಲ್ಲಿ ಎಂಜಲೆಲೆ, ತಿಂಡಿಗಾಡಿಯ ಕಸ ಇರುವವರೆಗೆ ಖಾಲಿಯಾದ ಓಣಿಗೆ ಪಕ್ಕದ ಓಣಿಯ ನಾಯಿಗಳು ಬರುತ್ತವೆ. ಹೊಸಬ ನಾಯಿಗೆ ಅಂಗಡಿಯವರ ಪರಿಚಯವಿರುವುದಿಲ್ಲ, ಲಸಿಕೆಯೂ ಆಗಿರುವುದಿಲ್ಲ.

ಕೊಲ್ಲುವ ಬದಲು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬ ಕ್ರಮವನ್ನು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಿಂದಲೇ ಹೇಳುತ್ತಿತ್ತು. 1992ರಲ್ಲಿ ನಟಿ ಅಮಲಾ ಅಕ್ಕಿನೇನಿ ಹೈದರಾಬಾದಿನಲ್ಲಿ ಬ್ಲೂ ಕ್ರಾಸ್ ಆರಂಭಿಸಿದರು. ಕೇಂದ್ರ ಸರ್ಕಾರ 2001ರಲ್ಲಿ ಈ ಕ್ರಮವನ್ನೇ ದೇಶಕ್ಕೆಲ್ಲ ನಿಯಮವಾಗಿಸಿತು. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ತುದಿ ಕತ್ತರಿಸಿ ಗುರುತು ಮಾಡುತ್ತಾರೆ. ದಂಡಿನ ಲೋಹದ ಬಿಲ್ಲೆ ಒಡೆಯನ ಗುರುತಾಗಿತ್ತು. ಕತ್ತರಿಸಿದ ಕಿವಿ ನಗರಸಭೆಯ ಗುರುತು. ಒಡೆಯನಿಲ್ಲದ ನಾಯಿಗೆ ಹೊಣೆಗಾರ ಯಾರು ಎಂಬ ಪ್ರಶ್ನೆಗೆ ಕಾನೂನು ಮೊದಲ ಸಲ ಒಂದು ಕಚೇರಿಯ ವಿಳಾಸ ಕೊಟ್ಟಿತು.

ಇತ್ತ ಸಾಕುನಾಯಿ ಮತ್ತೆ ಬೀದಿಗಿಳಿದಿತ್ತು, ಈ ಸಲ ಸಾಹೇಬರೊಂದಿಗಲ್ಲ. ಅಪಾರ್ಟ್‌ಮೆಂಟುಗಳು ಹೆಚ್ಚಿ, ಅಂಗಳವಿಲ್ಲದ ಮನೆಗಳಿಗೆ ದೊಡ್ಡ ತಳಿಯ ನಾಯಿಗಳು ಬಂದವು. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಓಡಾಡಿಸದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಹಿಂಸೆಯ ಪಟ್ಟಿಗೇ ಸೇರಿಸಿದೆ. ಹಾಗಾಗಿ ಬೀದಿಗೆ ಕರೆದೊಯ್ಯುವುದು ಶೋಕಿಯಲ್ಲ, ಕರ್ತವ್ಯ. ಕರೆದೊಯ್ದ ಮೇಲೆ ಅಂಕೆಯಲ್ಲಿಡುವುದು ಇನ್ನೊಂದು ಕರ್ತವ್ಯ. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಸುಲ್ತಾನ್ ಬಜಾರ್, ಬಡೀ ಚೌಡಿಯಂಥ ಇಕ್ಕಟ್ಟಿನ ಪೇಟೆಯಲ್ಲಿ ಈ ಕರ್ತವ್ಯ ಎಷ್ಟು ಸೂಕ್ಷ್ಮ ಎಂಬುದು ತಿಳಿಯುತ್ತದೆ. ಸಂಜೆಯ ಹೊತ್ತು ಬಳೆ, ಲೇಸು, ರವಿಕೆ ಬಟ್ಟೆಯ ಗಾಡಿಗಳ ನಡುವೆ ಇಬ್ಬರು ಪಕ್ಕಪಕ್ಕ ನಡೆಯುವುದೂ ಕಷ್ಟ. ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಇಲ್ಲಿ ಜನರ ಕಾಲಿಗೆ ತೊಡರುವ ಬಲೆ. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿದರೆ ನಾಯಿ ಎಳೆದಾಗ ಬೆರಳು ಮುರಿಯಬಹುದು. ಹಿಡಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಉಳಿದ ಹಗ್ಗವನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದು, ನಾಯಿಯನ್ನು ಮೊಣಕಾಲಿನ ಮಗ್ಗುಲಲ್ಲೇ ಇಟ್ಟುಕೊಳ್ಳುವುದು ಅನುಭವಸ್ಥರ ರೀತಿ. ಎದುರಿಗೆ ಮಗುವೋ ಬೀದಿನಾಯಿಯೋ ಬಂದರೆ ನಾಯಿ ಮತ್ತು ಅದರ ನಡುವೆ ಒಡೆಯ ನಿಲ್ಲಬೇಕು. ನೆಲದ ಮೇಲೆ ಹರಡಿದ ಬಟ್ಟೆಯ ಅಂಚಿನಲ್ಲಿ ನಾಯಿ ಕಾಲೆತ್ತಿತೆಂದರೆ ಬಡ ವ್ಯಾಪಾರಿಯ ಆ ದಿನದ ಗಳಿಕೆ ಹೋದಂತೆ. ಇಷ್ಟೆಲ್ಲ ನೋಡಿದರೆ ಇಂಥ ಪೇಟೆಗೆ ನಾಯಿಯನ್ನು ಕರೆತರಬೇಕಾದ ಹೊತ್ತು ಒಂದೇ: ಅಂಗಡಿಗಳ ಶಟರು ಏಳುವ ಮೊದಲಿನ ಬೆಳಗು.

ಹೇಲೆತ್ತುವ ವಿಚಾರಕ್ಕೆ ಇತಿಹಾಸ ಬಹಳ ಚಿಕ್ಕದು. ನಾಯಿಯ ಹೇಲನ್ನು ಒಡೆಯನೇ ಎತ್ತಬೇಕೆಂಬ ಕಾನೂನು ನ್ಯೂಯಾರ್ಕಿನಲ್ಲಿ ಜಾರಿಗೆ ಬಂದದ್ದು 1978ರಲ್ಲಿ. ಅಲ್ಲಿಯೂ ಜನ ಮೊದಲು ನಕ್ಕರು, ಆಮೇಲೆ ರೂಢಿಸಿಕೊಂಡರು. ಭಾರತದಲ್ಲಿ ಪ್ರಾಣಿ ಕಲ್ಯಾಣ ಮಂಡಳಿ 2015ರ ಸುತ್ತೋಲೆಯಲ್ಲಿ ಸಾಕುನಾಯಿಯನ್ನು ಹೊರಗೆ ಹಗ್ಗದಲ್ಲಿಟ್ಟುಕೊಳ್ಳಲು, ಹೊಲಸು ಮಾಡಿದರೆ ಎತ್ತಲು ಸಲಹೆ ಕೊಟ್ಟಿತು. ನಾಯಿ ಸಾಕುವುದನ್ನಾಗಲಿ ಲಿಫ್ಟಿನಲ್ಲಿ ಒಯ್ಯುವುದನ್ನಾಗಲಿ ನಿವಾಸಿ ಸಂಘಗಳು ನಿಷೇಧಿಸುವಂತಿಲ್ಲವೆಂದೂ ಹೇಳಿತು. ಸಲಹೆಗೂ ಶಿಸ್ತಿಗೂ ನಡುವೆ ಅಂತರವಿದೆ. ಬೆಂಗಳೂರಿನಲ್ಲಿ 2018ರಲ್ಲಿ ಪಾಲಿಕೆ ಫ್ಲ್ಯಾಟಿಗೊಂದೇ ನಾಯಿ ಎಂದು ನಿಯಮ ತಂದು, ಪ್ರತಿಭಟನೆಯ ಬಿಸಿಗೆ ಹಿಂದೆ ಸರಿಯಿತು. 2022ರಲ್ಲಿ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳನ್ನೇ ಬಿಡಬಾರದೆಂಬ ಪ್ರಸ್ತಾಪ ಬಂದದ್ದು ಹಗ್ಗ ಬಿಚ್ಚಿದ ನಾಯಿಗಳ ಮತ್ತು ಎತ್ತದ ಹೊಲಸಿನ ದೂರುಗಳಿಂದ. ಹೈದರಾಬಾದ್ ಇನ್ನೊಂದು ದಾರಿ ಹಿಡಿಯಿತು. 2018ರಲ್ಲಿ ಕೊಂಡಾಪುರದಲ್ಲಿ ಸುಮಾರು 1.3 ಎಕರೆಯಲ್ಲಿ ನಾಯಿಗಳಿಗಾಗಿಯೇ ಉದ್ಯಾನ ಮಾಡಿತು. ಹೊಸ ಬಡಾವಣೆಯ ನಾಯಿಗೆ ಅದು ಸರಿ. ಸುಲ್ತಾನ್ ಬಜಾರಿನ ಮಹಡಿ ಮನೆಯ ನಾಯಿಗೆ ಓಣಿಯೇ ಗತಿ.

2023ರ ಫೆಬ್ರುವರಿಯಲ್ಲಿ, ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಸಿಕ್ಕಿ ಸತ್ತ. ತೆಲಂಗಾಣ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅದೇ ವರ್ಷ ಬಂದ ಹೊಸ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಊಟ ಹಾಕುವವರ ಮೇಲೂ ಶಿಸ್ತು ಹೇರಿದವು: ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರದಲ್ಲಿ, ಗೊತ್ತಾದ ಹೊತ್ತಿನಲ್ಲಿ ಹಾಕಬೇಕು, ಉಳಿದದ್ದನ್ನು ಚೊಕ್ಕಟ ಮಾಡಬೇಕು. ಕಡೆಯ ರೊಟ್ಟಿಯ ಪುಣ್ಯಕ್ಕೆ ಹೀಗೆ ಜಾಗ, ಹೊತ್ತು ಗೊತ್ತಾದವು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ವಾರ್ಡುಗಳಲ್ಲಿ ನಿಗದಿಯಾದ ಜಾಗದಲ್ಲಲ್ಲದೆ ಬೀದಿಯಲ್ಲಿ ಊಟ ಹಾಕುವಂತಿಲ್ಲ ಎಂದಿತು. ಹುಚ್ಚು ಹಿಡಿದ, ಮೇಲೆರಗುವ ಸ್ವಭಾವದ ನಾಯಿಗಳನ್ನು ಮತ್ತೆ ಬಿಡಬಾರದೆಂದಿತು. ನವೆಂಬರ್ 7ರ ಆದೇಶ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಹಾಗೂ ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಿ, ಅಲ್ಲಿಗೇ ವಾಪಸು ಬಿಡದಿರಲು ಹೇಳಿತು. ಒಡೆಯರ ಮಟ್ಟಿಗೆ, ದಂಡಸಂಹಿತೆಯ 289ನೇ ಕಲಮಿನ ಮಾತು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಾಗಿದೆ. ಸೆರೆ ಅಷ್ಟೇ, ದಂಡದ ಮಿತಿ ಮಾತ್ರ ಐದು ಸಾವಿರ ರೂಪಾಯಿ. ಸಾಕುನಾಯಿಯ ನೋಂದಣಿ ಹೈದರಾಬಾದ್ ಮಹಾನಗರ ಪಾಲಿಕೆಯಲ್ಲಿ ಆಗಬೇಕು.

ಸುಲ್ತಾನ್ ಬಜಾರಿನಲ್ಲಿ ಈ ಆದೇಶಗಳನ್ನು ಅಳೆದು ನೋಡಿದರೆ ತೊಡಕು ಕಾಣುತ್ತದೆ. ಹಳೆಯ ರೆಸಿಡೆನ್ಸಿಯ ಆವರಣ ಈಗ ಮಹಿಳಾ ವಿಶ್ವವಿದ್ಯಾಲಯ. ಮಗ್ಗುಲಲ್ಲಿ ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಕಿವಿ ಮೂಗು ಗಂಟಲಿನ ಆಸ್ಪತ್ರೆ, ಹೆರಿಗೆ ಆಸ್ಪತ್ರೆ, ಕೋಠಿಯ ಬಸ್ ನಿಲ್ದಾಣ. ನೆತ್ತಿಯ ಮೇಲೆ 2020ರ ಫೆಬ್ರುವರಿಯಲ್ಲಿ ತೆರೆದ ಮೆಟ್ರೊ ನಿಲ್ದಾಣ. ನಾಯಿ ಇರಬಾರದ ಜಾಗಗಳನ್ನೆಲ್ಲ ಬಿಟ್ಟರೆ ಉಳಿಯುವುದು ಅವುಗಳ ನಡುವಿನ ಬಜಾರು ಮಾತ್ರ. ಒಂದು ಗೇಟಿನಿಂದ ಹೊರಹಾಕಿದ ನಾಯಿ ನಿಲ್ಲುವುದು ಅಲ್ಲಿಯೇ, ಮತ್ತು ಊಟ ಹಾಕುವ ಜಾಗವನ್ನು ವಾರ್ಡು ಎಲ್ಲಿ ಗುರುತಿಸಬೇಕೆಂಬ ಪ್ರಶ್ನೆ ಬರುವುದೂ ಅಲ್ಲಿಯೇ.